ದೆಹಲಿ–ವಾಷಿಂಗ್ಟನ್ ರಾಯಭಾರ: ಸ್ವಂತ ಮನೆಯವರನ್ನು ಒಪ್ಪಿಸುವ ಕಷ್ಟ

ಸ್ನೇಹಿತರೇ,

ಕರಾವಳಿಯ ತಾಳಮದ್ದಳೆಗಳಲ್ಲಿ ಕೃಷ್ಣ ಸಂಧಾನದ ಪ್ರಸಂಗವನ್ನು ಕೇಳಿದವರು ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ಹಸ್ತಿನಾವತಿಗೆ ಹೊರಡುವ ಮೊದಲು ಕೃಷ್ಣ ಪಾಂಡವರ ಪಾಳೆಯದಲ್ಲಿಯೇ ಬಹಳ ಹೊತ್ತು ಕಳೆಯುತ್ತಾನೆ. ಧರ್ಮರಾಯನಿಗೆ ಸಂಧಿ ಬೇಕಾಗಿದೆ, ಭೀಮನ ಮನಸ್ಸು ತೂಗುಯ್ಯಾಲೆಯಲ್ಲಿದೆ, ದ್ರೌಪದಿಯಂತೂ ಬಿಚ್ಚಿದ ಮುಡಿಯನ್ನು ಮುಂದೆ ಹಿಡಿದು ನಿಂತಿದ್ದಾಳೆ. ಕೌರವನ ಸಭೆಯಲ್ಲಿ ಆಡಬೇಕಾದ ಮಾತು ಆಮೇಲಿನದು. ತನ್ನನ್ನು ಕಳುಹಿಸುತ್ತಿರುವವರು ಏನನ್ನು ಬಯಸುತ್ತಾರೆ, ಯಾವುದಕ್ಕೆ ಒಪ್ಪುತ್ತಾರೆ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳುವುದೇ ಮೊದಲ ಸಂಧಾನ. ನುರಿತ ಅರ್ಥಧಾರಿಗಳು ಈ ಭಾಗವನ್ನೇ ಹೆಚ್ಚು ಬೆಳೆಸುವುದನ್ನು ನಾನು ಕೇಳಿದ್ದೇನೆ.

ರಾಯಭಾರಿ ಎಂಬ ನಮ್ಮ ಪದವನ್ನು ಬಿಡಿಸಿದರೆ ರಾಯನ ಭಾರವನ್ನು ಹೊತ್ತವನು ಎಂಬ ಅರ್ಥ ಹೊಳೆಯುತ್ತದೆ. ಆ ಭಾರದ ಬಹುಪಾಲು ಹೋದ ಊರಿನದಲ್ಲ, ಬಿಟ್ಟುಬಂದ ಊರಿನದು ಎಂಬುದು ಇಂದು ನಾನು ಹೇಳಲಿರುವ ಮಾತು. ಇದನ್ನು ಪರೀಕ್ಷಿಸಿ ನೋಡಲು ಭಾರತ ಮತ್ತು ಅಮೆರಿಕಗಳ ನಡುವಿನ ರಾಯಭಾರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಈ ಎರಡು ದೇಶಗಳು ಒಂದಕ್ಕೊಂದು ಶತ್ರುವಾಗಲಿಲ್ಲ, ಬಹಳ ಕಾಲ ಮಿತ್ರನೂ ಆಗಲಿಲ್ಲ. ಇಂಥ ನಡುಸ್ಥಿತಿಯಲ್ಲಿಯೇ ರಾಯಭಾರಿಗಳ ಕಸುಬು ಚೆನ್ನಾಗಿ ಕಾಣಿಸುತ್ತದೆ.

ಈ ಚರಿತ್ರೆಯ ಮೊದಲ ಪುಟದಲ್ಲಿರುವುದು ಒಂದು ಪೇಚಿನ ಪ್ರಸಂಗ. 1792ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರು ಬೆಂಜಮಿನ್ ಜಾಯ್ ಎಂಬ ವ್ಯಾಪಾರಿಯನ್ನು ಕಲ್ಕತ್ತೆಗೆ ಕಾನ್ಸುಲ್ ಆಗಿ ನೇಮಿಸಿದರು. ಜಾಯ್ ಅಲ್ಲಿಗೆ ತಲುಪಿದ್ದು 1794ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯವರು ಅವರನ್ನು ಕಾನ್ಸುಲ್ ಎಂದು ಒಪ್ಪಲಿಲ್ಲ. ಇಲ್ಲಿನ ಕಾನೂನಿಗೆ ಒಳಪಟ್ಟ ವಾಣಿಜ್ಯ ಪ್ರತಿನಿಧಿಯಾಗಿ ಬೇಕಿದ್ದರೆ ಇರಬಹುದು ಎಂದರು. ಅಮೆರಿಕದ ನೇಮಕವಿದ್ದರೂ ಈ ನೆಲದಲ್ಲಿ ಅದಕ್ಕೆ ಮಾನ್ಯತೆ ಇರಲಿಲ್ಲ. ಭಾರತದ ಪರವಾಗಿ ಮಾತನಾಡುವ ಹಕ್ಕು ಭಾರತದ ಕೈಯಲ್ಲಿ ಇಲ್ಲದಿದ್ದ ಕಾರಣ, ಮುಂದಿನ ಸುಮಾರು ಒಂದೂವರೆ ಶತಮಾನ ಎರಡು ದೇಶಗಳ ನಡುವೆ ನಿಜವಾದ ಅರ್ಥದ ರಾಯಭಾರ ಇರಲೇ ಇಲ್ಲ.

1941ರಲ್ಲಿ, ಯುದ್ಧದ ಒತ್ತಡದಲ್ಲಿ, ಬ್ರಿಟಿಷರು ಅರ್ಧ ಬಾಗಿಲು ತೆರೆದರು. ಗಿರಿಜಾ ಶಂಕರ್ ಬಾಜಪೇಯಿ ಅವರು ಏಜೆಂಟ್ ಜನರಲ್ ಎಂಬ ಹೆಸರಿನಲ್ಲಿ ವಾಷಿಂಗ್ಟನ್‌ಗೆ ಹೋದರು; ಥಾಮಸ್ ವಿಲ್ಸನ್ ಅವರು ಕಮಿಷನರ್ ಆಗಿ ದೆಹಲಿಯಲ್ಲಿ ಕುಳಿತರು. ಬಾಜಪೇಯಿ ಅವರದು ವಿಚಿತ್ರ ಸ್ಥಾನ. ಅವರು ಭಾರತೀಯರು, ಆದರೆ ಅವರ ಬಾಯಲ್ಲಿ ಬರಬೇಕಾದದ್ದು ಬ್ರಿಟಿಷ್ ಸರ್ಕಾರದ ಮಾತು. ಇತ್ತ ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ವೈಯಕ್ತಿಕ ಪ್ರತಿನಿಧಿಗಳನ್ನೂ ಭಾರತಕ್ಕೆ ಕಳುಹಿಸಿದರು. 1943ರ ಆರಂಭದಲ್ಲಿ ಬಂದ ವಿಲಿಯಂ ಫಿಲಿಪ್ಸ್ ಅವರಿಗೆ, ಆಗಾ ಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದ ಗಾಂಧೀಜಿಯನ್ನು ಭೇಟಿ ಮಾಡಲು ವೈಸರಾಯರು ಅನುಮತಿ ಕೊಡಲಿಲ್ಲ. ಫಿಲಿಪ್ಸ್ ಊರಿಗೆ ಮರಳಿ, ಬ್ರಿಟಿಷರು ಭಾರತಕ್ಕೆ ಸ್ವಾತಂತ್ರ್ಯದ ಭರವಸೆ ಕೊಡಲೇಬೇಕು ಎಂಬರ್ಥದ ವರದಿಯನ್ನು ಅಧ್ಯಕ್ಷರಿಗೆ ಸಲ್ಲಿಸಿದರು. ವರದಿ ಕಡತ ಸೇರಿತು. ಅದು ಜನರ ಕಣ್ಣಿಗೆ ಬಿದ್ದದ್ದು 1944ರಲ್ಲಿ, ಸೋರಿಕೆಯಾಗಿ ಪತ್ರಿಕೆಯಲ್ಲಿ ಅಚ್ಚಾದಾಗ. ಒಬ್ಬ ದೂತ ತಾನು ಕಂಡ ಸತ್ಯವನ್ನು ಬರೆಯುವುದು, ಅವನ ಸರ್ಕಾರ ಅದನ್ನು ಬದಿಗಿಡುವುದು, ಕೊನೆಗೆ ಯಾರೋ ಅದನ್ನು ಹೊರಹಾಕುವುದು: ಈ ಮೂರೂ ಹೆಜ್ಜೆಗಳು 1971ರಲ್ಲಿ ಮತ್ತೊಮ್ಮೆ ಬರಲಿವೆ.

ಪೂರ್ಣ ಪ್ರಮಾಣದ ರಾಯಭಾರಿಗಳ ವಿನಿಮಯಕ್ಕೆ 1946ರಲ್ಲಿ, ಮಧ್ಯಂತರ ಸರ್ಕಾರದ ಕಾಲದಲ್ಲಿಯೇ ಒಪ್ಪಿಗೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ ರಾಯಭಾರಿಗಳು ಹೋದರು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಅಸಫ್ ಅಲಿ ಅವರು 1947ರ ಫೆಬ್ರವರಿಯಲ್ಲಿಯೇ ವಾಷಿಂಗ್ಟನ್ ತಲುಪಿದ್ದರು, ಅಮೆರಿಕದ ಮೊದಲ ರಾಯಭಾರಿ ಹೆನ್ರಿ ಗ್ರೇಡಿ ಅವರು ಜುಲೈ ತಿಂಗಳ ಮೊದಲ ದಿನ ದೆಹಲಿಯಲ್ಲಿ ಅಧಿಕಾರಪತ್ರ ಸಲ್ಲಿಸಿದ್ದರು. ಅಹಮದ್‌ನಗರ ಕೋಟೆಯಲ್ಲಿ ನೆಹರೂ ಅವರ ಜೊತೆ ಸೆರೆಯಲ್ಲಿದ್ದ ಅಸಫ್ ಅಲಿ, ಬಿಡುಗಡೆಯಾದ ಎರಡು ವರ್ಷಗಳೊಳಗೆ ಮ್ಯಾಸಚೂಸೆಟ್ಸ್ ಅವೆನ್ಯೂದ ಕಟ್ಟಡದಲ್ಲಿ ಕುಳಿತು ಇನ್ನೂ ಹುಟ್ಟದ ರಾಷ್ಟ್ರವೊಂದನ್ನು ಪ್ರತಿನಿಧಿಸುತ್ತಿದ್ದರು.

ಅವರ ನಂತರ 1948ರಲ್ಲಿ ಬಂದವರು ಬೆನಗಲ್ ರಾಮರಾವ್. ನಮ್ಮ ದಕ್ಷಿಣ ಕನ್ನಡದ ಬೇರಿನ ಈ ಮನೆತನಕ್ಕೆ ಆ ದಿನಗಳಲ್ಲಿ ಅಮೆರಿಕದೊಡನೆ ಎರಡೆರಡು ನಂಟು. ಅಣ್ಣ ಬೆನಗಲ್ ನರಸಿಂಗರಾವ್ ಅವರು, ಸಂವಿಧಾನ ರಚನೆಯ ಸಲಹೆಗಾರರಾಗಿ ದುಡಿದ ಬಳಿಕ, ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಗೆ ಭಾರತದ ಪ್ರತಿನಿಧಿಯಾಗಿದ್ದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಇದ್ದವರು ಅವರೇ. ರಾಮರಾವ್ ಅವರ ರಾಯಭಾರ ಅಲ್ಪಕಾಲದ್ದು. 1949ರಲ್ಲಿ ಅವರು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಮರಳಿದರು, ಅಲ್ಲಿ 1957ರವರೆಗೂ ಇದ್ದರು.

ಮಾಸ್ಕೋದಿಂದ ನೇರವಾಗಿ ವಾಷಿಂಗ್ಟನ್‌ಗೆ ಬಂದ, ನೆಹರೂ ಅವರ ತಂಗಿ ವಿಜಯಲಕ್ಷ್ಮಿ ಪಂಡಿತ್ ಅವರ ಕಾಲದಲ್ಲಿ ಗೋಧಿಯ ಪ್ರಶ್ನೆ ಎದ್ದಿತು. 1950ರ ಡಿಸೆಂಬರ್‌ನಲ್ಲಿ ಭಾರತ 20 ಲಕ್ಷ ಟನ್ ಧಾನ್ಯ ಕೇಳಿತು. ಕೊರಿಯಾದ ವಿಷಯದಲ್ಲಿ ಭಾರತದ ನಿಲುವಿಗೆ ಸಿಟ್ಟಾಗಿದ್ದ ಅಮೆರಿಕದ ಸಂಸದರು ಆರು ತಿಂಗಳು ಚರ್ಚಿಸಿದರು. ಅಲ್ಲಿ ಅವರು ಷರತ್ತುಗಳನ್ನು ಹೇಳುತ್ತಿದ್ದರೆ, ಇಲ್ಲಿ ನೆಹರೂ ಅವರು ಷರತ್ತಿನ ಅನ್ನ ಬೇಡವೆನ್ನುತ್ತಿದ್ದರು. ಅಣ್ಣನ ಸ್ವಾಭಿಮಾನದ ಮಾತನ್ನು ಅಲ್ಲಿನವರಿಗೆ ಸೌಮ್ಯವಾಗಿಯೂ, ಅಲ್ಲಿನವರ ಅಸಮಾಧಾನವನ್ನು ಅಣ್ಣನಿಗೆ ನೇರವಾಗಿಯೂ ತಿಳಿಸಬೇಕಾದ ಸ್ಥಾನ ತಂಗಿಯದು. ಕೊನೆಗೆ 1951ರ ಜೂನ್‌ನಲ್ಲಿ 19 ಕೋಟಿ ಡಾಲರ್ ಸಾಲದ ರೂಪದಲ್ಲಿ ಧಾನ್ಯ ಮಂಜೂರಾಯಿತು. ಕೊಟ್ಟವರಿಗೆ ಕೃತಜ್ಞತೆ ಸಿಗಲಿಲ್ಲವೆಂಬ ಕೊರಗು, ಪಡೆದವರಿಗೆ ಕಾಯಿಸಿ ಕೊಟ್ಟರೆಂಬ ಕೊರಗು ಉಳಿದವು.

ಅದೇ ವರ್ಷ ದೆಹಲಿಗೆ ಬಂದ ಚೆಸ್ಟರ್ ಬೌಲ್ಸ್ ಅವರು ಈ ಹುದ್ದೆಯನ್ನು ತಾವಾಗಿಯೇ ಕೇಳಿ ಪಡೆದವರು. ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿದರು. ಆ ಮಕ್ಕಳು ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುತ್ತಿದ್ದುದು ಊರ ಮಾತಾಯಿತು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಗೆ ಅಮೆರಿಕದ ನೆರವು ದೊರಕಿಸುವಲ್ಲಿ ಅವರ ಪಾತ್ರ ದೊಡ್ಡದು. ಆದರೆ ವಾಷಿಂಗ್ಟನ್‌ನಲ್ಲಿ ಅವರ ಬಗ್ಗೆ ಒಂದು ಗುಮಾನಿ ಬೆಳೆಯಿತು: ಈತ ನಮ್ಮ ರಾಯಭಾರಿಯೋ, ಭಾರತದ ರಾಯಭಾರಿಯೋ? ಈ ಆರೋಪವನ್ನು ಹೊತ್ತುಕೊಳ್ಳದ ಒಳ್ಳೆಯ ರಾಯಭಾರಿ ಕಡಿಮೆ ಎಂದೇ ನನ್ನ ಅಭಿಪ್ರಾಯ.

ವಾಷಿಂಗ್ಟನ್‌ನಲ್ಲಿದ್ದ ಗಗನವಿಹಾರಿ ಮೆಹ್ತಾ ಅವರಿಗೆ ಬೇರೊಂದು ಬಗೆಯ ಅನುಭವವಾಯಿತು. 1955ರ ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್ ವಿಮಾನ ನಿಲ್ದಾಣದ ಊಟದ ಮನೆಯಲ್ಲಿ ಕುಳಿತಿದ್ದ ಅವರನ್ನು, ಮೈಬಣ್ಣದ ಕಾರಣಕ್ಕಾಗಿ, ಬೇರೆ ಕೋಣೆಗೆ ಹೋಗಿ ಕೂರುವಂತೆ ಹೇಳಲಾಯಿತು. ಅಮೆರಿಕದ ವಿದೇಶಾಂಗ ಸಚಿವ ಜಾನ್ ಫಾಸ್ಟರ್ ಡಲ್ಲೆಸ್ ಅವರು ಕ್ಷಮೆ ಕೇಳಿದರು. ಒಂದು ರಾಷ್ಟ್ರದ ಪ್ರತಿನಿಧಿಯಾಗಿದ್ದರಿಂದ ಮೆಹ್ತಾ ಅವರಿಗೆ ಕ್ಷಮಾಪಣೆ ದೊರೆಯಿತು; ಅದೇ ನಿಲ್ದಾಣಕ್ಕೆ ದಿನವೂ ಬರುತ್ತಿದ್ದ ಆ ದೇಶದ ಕಪ್ಪು ಪ್ರಜೆಗಳಿಗೆ ದೊರೆಯಲಿಲ್ಲ.

ಈಗ 1962ಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಅಧ್ಯಕ್ಷ ಕೆನಡಿ ಅವರು ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೆತ್ ಅವರನ್ನು 1961ರಲ್ಲಿ ದೆಹಲಿಗೆ ಕಳುಹಿಸಿದ್ದರು. ಗಾಲ್‌ಬ್ರೆತ್‌ಗೆ ತಮ್ಮ ವಿದೇಶಾಂಗ ಇಲಾಖೆಯ ಮೇಲೆ ಕಿಂಚಿತ್ತೂ ಗೌರವವಿರಲಿಲ್ಲ. ಅವರು ಅಧ್ಯಕ್ಷರಿಗೇ ನೇರವಾಗಿ ಪತ್ರ ಬರೆಯುತ್ತಿದ್ದರು, ಅಧ್ಯಕ್ಷರು ಅವನ್ನು ಇಷ್ಟಪಟ್ಟು ಓದುತ್ತಿದ್ದರು. 1962ರ ಅಕ್ಟೋಬರ್ 20ರಂದು ಚೀನಾ ಗಡಿಯುದ್ದಕ್ಕೂ ದಾಳಿ ನಡೆಸಿದಾಗ ಶ್ವೇತಭವನದ ಕಣ್ಣೆಲ್ಲ ಕ್ಯೂಬಾದ ಕ್ಷಿಪಣಿಗಳ ಮೇಲಿತ್ತು. ಸುಮಾರು ಒಂದು ವಾರ ದೆಹಲಿಯ ರಾಯಭಾರಿಗೆ ಸೂಚನೆ ಕೊಡಲು ಅಲ್ಲಿ ಯಾರಿಗೂ ಪುರಸೊತ್ತು ಇರಲಿಲ್ಲ. ಆ ಬಿಡುವು ಗಾಲ್‌ಬ್ರೆತ್‌ಗೆ ಅನುಕೂಲವೇ ಆಯಿತೆಂದು ಕಾಣುತ್ತದೆ. ಈಶಾನ್ಯದ ಮ್ಯಾಕ್‌ಮಹೋನ್ ರೇಖೆಯನ್ನು ಭಾರತ–ಚೀನಾ ಗಡಿಯೆಂದು ಅಮೆರಿಕ ಮಾನ್ಯ ಮಾಡಬೇಕೆಂದು ಅವರು ಒತ್ತಾಯಿಸಿದರು. ಇದಕ್ಕೆ ಅಡ್ಡಿ ಬಂದದ್ದು ಬೀಜಿಂಗ್ ಅಲ್ಲ, ವಾಷಿಂಗ್ಟನ್‌ನ ಮಿತ್ರನಾಗಿದ್ದ ತೈವಾನ್‌ನ ಚಿಯಾಂಗ್ ಕೈ-ಷೆಕ್; ಕಮ್ಯುನಿಸ್ಟರ ಬದ್ಧವೈರಿಯಾದ ಅವರೂ ಆ ರೇಖೆಯನ್ನು ಒಪ್ಪುತ್ತಿರಲಿಲ್ಲ. ಸ್ವಂತ ಇಲಾಖೆಯ ಅಳುಕನ್ನು ಮೀರಿ ಅಕ್ಟೋಬರ್ 27ರಂದು ಗಾಲ್‌ಬ್ರೆತ್ ಆ ಘೋಷಣೆ ಮಾಡಿದರು. ಎರಡು ದಿನಗಳಲ್ಲಿ ನೆಹರೂ ಅವರು ಶಸ್ತ್ರಾಸ್ತ್ರಗಳನ್ನು ಅಧಿಕೃತವಾಗಿ ಕೇಳಿದರು, ವಿಮಾನಗಳಲ್ಲಿ ಸಾಮಗ್ರಿ ಬರತೊಡಗಿತು.

ಅದೇ ಹೊತ್ತಿನಲ್ಲಿ ವಾಷಿಂಗ್ಟನ್‌ನಲ್ಲಿದ್ದ ಭಾರತದ ರಾಯಭಾರಿ ಬಿ. ಕೆ. ನೆಹರೂ ಅವರ ಪಾಡನ್ನು ನೋಡಿ. ನವೆಂಬರ್ 19ರಂದು, ಈಶಾನ್ಯ ಗಡಿಯ ಬೊಮ್ಡಿಲಾ ಕೈತಪ್ಪುತ್ತಿದ್ದಾಗ, ಪ್ರಧಾನಿಯವರಿಂದ ಕೆನಡಿಗೆ ತಲುಪಿಸಬೇಕಾದ ಎರಡು ಪತ್ರಗಳು ಒಂದೇ ದಿನ ಬಂದವು. ಅಮೆರಿಕದ ಸಿಬ್ಬಂದಿಯೇ ನಡೆಸುವ 12 ಯುದ್ಧವಿಮಾನ ಸ್ಕ್ವಾಡ್ರನ್‌ಗಳು, ರಡಾರ್ ವ್ಯವಸ್ಥೆ, ಬಾಂಬರ್ ವಿಮಾನಗಳು ಬೇಕೆಂಬುದು ಅವುಗಳ ಬೇಡಿಕೆ. ಅಲಿಪ್ತ ನೀತಿಯನ್ನು ವರ್ಷಾನುಗಟ್ಟಲೆ ಅಮೆರಿಕನ್ನರ ಮುಂದೆ ಸಮರ್ಥಿಸಿಕೊಂಡು ಬಂದ ವ್ಯಕ್ತಿ, ಆ ನೀತಿಯ ಕರ್ತೃವೇ ಬರೆದ ಈ ಪತ್ರಗಳನ್ನು ಕೈಯಲ್ಲಿ ಹಿಡಿದು ಶ್ವೇತಭವನಕ್ಕೆ ಹೋಗಬೇಕಾಯಿತು. ಅವನ್ನು ಅವರು ತಮ್ಮ ಕಚೇರಿಯ ಸಹೋದ್ಯೋಗಿಗಳಿಗೂ ತೋರಿಸದೆ ತಮ್ಮ ಮೇಜಿನೊಳಗೇ ಇರಿಸಿಕೊಂಡರು. ಒಂದೆರಡು ದಿನಗಳಲ್ಲಿ ಚೀನಾ ತಾನಾಗಿಯೇ ಕದನವಿರಾಮ ಸಾರಿತು. ಪತ್ರಗಳು ದಶಕಗಳ ಕಾಲ ಗುಟ್ಟಾಗಿ ಉಳಿದವು. ರಾಯಭಾರಿಯ ಮೌನಕ್ಕೂ ಒಂದು ಬೆಲೆಯಿದೆ ಎಂಬುದಕ್ಕೆ ನನಗೆ ಮೊದಲು ನೆನಪಾಗುವುದು ಆ ಮೇಜಿನ ಖಾನೆ.

1963ರಲ್ಲಿ ಬೌಲ್ಸ್ ಎರಡನೆಯ ಬಾರಿ ಬಂದರು. ಈ ಸಲ ಅವರ ಮಾತಿಗೆ ಅಲ್ಲಿ ಬೆಲೆ ಕಡಿಮೆಯಾಗಿತ್ತು. 1965 ಮತ್ತು 1966ರಲ್ಲಿ ಮಳೆ ಕೈಕೊಟ್ಟಿತು. 1966ರಲ್ಲಿ ಭಾರತ ಹೊರಗಿನಿಂದ ತರಿಸಿದ ಧಾನ್ಯ ಸುಮಾರು 1 ಕೋಟಿ ಟನ್. ಅದರಲ್ಲಿ ಬಹುಪಾಲು ಅಮೆರಿಕದ ಆಹಾರ ನೆರವಿನ ಕಾನೂನಾದ ಪಿಎಲ್-480ರ ಅಡಿಯ ಗೋಧಿ. ಭಾರತ ಕೃಷಿಯನ್ನು ಸುಧಾರಿಸಿಕೊಳ್ಳಲಿ ಎಂಬ ಉದ್ದೇಶಕ್ಕೆ ವಿಯೆಟ್ನಾಂ ಕುರಿತ ಭಾರತದ ಟೀಕೆಯ ಮೇಲಿನ ಕೋಪವೂ ಸೇರಿ, ಅಧ್ಯಕ್ಷ ಜಾನ್ಸನ್ ಅವರು ಹಡಗುಗಳನ್ನು ತಿಂಗಳು ತಿಂಗಳ ಲೆಕ್ಕದಲ್ಲಿ, ತಾವೇ ಅಳೆದು ಬಿಡತೊಡಗಿದರು. ಹಡಗಿನಿಂದ ನೇರ ಬಾಯಿಗೆ ಎಂಬ ಮಾತು ಆಗ ಚಾಲ್ತಿಗೆ ಬಂತು. ಬೌಲ್ಸ್ ಕಳುಹಿಸಿದ ತಂತಿ ಸಂದೇಶಗಳು ಒಂದರ ಮೇಲೊಂದು ಹೋದವು, ಅಧ್ಯಕ್ಷರು ಮಣಿಯಲಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಓದಿದ ನನ್ನ ವಯಸ್ಸಿನವರಿಗೆ ಕೇರ್ ಸಂಸ್ಥೆಯ ಹಾಲಿನ ಪುಡಿಯ ಹಾಲು, ಹಳದಿ ಬಣ್ಣದ ಉಪ್ಪಿಟ್ಟು ನೆನಪಿರಬಹುದು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ನಮಗೆ ಅದರ ಹಿಂದಿನ ಕಾಗದಪತ್ರಗಳ ಗೊಡವೆ ಎಲ್ಲಿತ್ತು!

ಇದೇ ಬೌಲ್ಸ್ ಅವರ ಜೀವನದ ಅತ್ಯಂತ ದಿಟ್ಟ ನಿರ್ಧಾರ ಗೋಧಿಗೆ ಸಂಬಂಧಿಸಿದ್ದಲ್ಲ. 1967ರ ಮಾರ್ಚ್ 6ರ ಸಂಜೆ, ಚಾಣಕ್ಯಪುರಿಯ ಅಮೆರಿಕ ರಾಯಭಾರ ಕಚೇರಿಗೆ ಕೈಯಲ್ಲಿ ಪೆಟ್ಟಿಗೆ ಹಿಡಿದ ಮಹಿಳೆಯೊಬ್ಬರು ಬಂದು, ತಾನು ಸ್ಟಾಲಿನ್‌ನ ಮಗಳು ಎಂದರು. ಅವರು ಸ್ವೆತ್ಲಾನಾ ಅಲಿಲುಯೇವಾ. ತಮ್ಮ ಬಾಳಸಂಗಾತಿಯಾಗಿದ್ದ, ಕಾಲಾಕಾಂಕರ್ ಮನೆತನದ ಬ್ರಜೇಶ್ ಸಿಂಗ್ ಅವರ ಅಸ್ಥಿಯನ್ನು ಗಂಗೆಯಲ್ಲಿ ಬಿಡಲು ಭಾರತಕ್ಕೆ ಬಂದಿದ್ದರು. ಬೌಲ್ಸ್ ಅಂದು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಸುದ್ದಿಯನ್ನು ವಾಷಿಂಗ್ಟನ್‌ಗೆ ತಿಳಿಸಿ, ಮಧ್ಯರಾತ್ರಿಯೊಳಗೆ ಉತ್ತರ ಬಾರದಿದ್ದರೆ ತಾವೇ ನಿರ್ಧರಿಸುವುದಾಗಿ ಹೇಳಿದರು. ಉತ್ತರ ಬರುವುದನ್ನು ಕಾಯದೆ ಆ ರಾತ್ರಿಯೇ ಆಕೆಯನ್ನು ಒಬ್ಬ ಅಧಿಕಾರಿಯ ಜೊತೆ ರೋಮ್‌ಗೆ ಹೋಗುವ ವಿಮಾನ ಹತ್ತಿಸಿದರು. ಬೆಳಗಾಗುವವರೆಗೆ ಆಕೆ ದೆಹಲಿಯಲ್ಲಿ ಉಳಿದಿದ್ದರೆ ಭಾರತ ಸರ್ಕಾರ, ಸೋವಿಯತ್ ಸರ್ಕಾರ, ಅಮೆರಿಕ ಸರ್ಕಾರ ಮೂವರೂ ಇಕ್ಕಟ್ಟಿಗೆ ಸಿಲುಕುತ್ತಿದ್ದರು.

ಅಧ್ಯಕ್ಷರಿಗೆ ಆಪ್ತನಾದ ರಾಯಭಾರಿಗೆ 1962ರಲ್ಲಿ ಏನು ಸಾಧ್ಯವಾಯಿತೋ ಅದು 1971ರಲ್ಲಿ ಕೆನೆತ್ ಕೀಟಿಂಗ್ ಅವರಿಗೆ ಸಾಧ್ಯವಾಗಲಿಲ್ಲ. ಕೀಟಿಂಗ್ ಎಡಪಂಥದ ಕಡೆಯವರೇನೂ ಅಲ್ಲ. ಅಧ್ಯಕ್ಷ ನಿಕ್ಸನ್ ಅವರ ರಿಪಬ್ಲಿಕನ್ ಪಕ್ಷದವರೇ, ನ್ಯೂಯಾರ್ಕ್‌ನ ಮಾಜಿ ಸೆನೆಟರ್. ಪೂರ್ವ ಪಾಕಿಸ್ತಾನದಲ್ಲಿ ಸೇನೆಯ ಹತ್ಯಾಕಾಂಡ ಶುರುವಾದ ಕೆಲವೇ ದಿನಗಳಲ್ಲಿ, ಢಾಕಾದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಅವರ ವರದಿಗಳನ್ನು ಬೆಂಬಲಿಸಿ, ಅಮೆರಿಕ ಇದನ್ನು ಬಹಿರಂಗವಾಗಿ ಖಂಡಿಸಬೇಕೆಂದು ಅವರು ದೆಹಲಿಯಿಂದ ಬರೆದರು. ಜೂನ್‌ನಲ್ಲಿ ಅಧ್ಯಕ್ಷರ ಕಚೇರಿಯಲ್ಲಿಯೇ ಕುಳಿತು ನಿರಾಶ್ರಿತರ ಸ್ಥಿತಿಯನ್ನು ವಿವರಿಸಿದರು. ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಬೆನ್ನ ಹಿಂದೆ ಅವರನ್ನು ಭಾರತೀಯರಿಗೆ ಮರುಳಾದವನೆಂದು ಗೇಲಿ ಮಾಡಿದ್ದು, ಶ್ವೇತಭವನದ ಧ್ವನಿಮುದ್ರಿಕೆಗಳು ಹೊರಬಂದ ಮೇಲೆ ಲೋಕಕ್ಕೆ ತಿಳಿಯಿತು. ಪಾಕಿಸ್ತಾನದ ಮೂಲಕ ಚೀನಾದ ಬಾಗಿಲು ತಟ್ಟುತ್ತಿದ್ದ ಅವರಿಗೆ ಈ ಸತ್ಯ ಬೇಕಿರಲಿಲ್ಲ. ಡಿಸೆಂಬರ್‌ನಲ್ಲಿ ಯುದ್ಧದ ಹೊಣೆಯನ್ನು ಭಾರತದ ಮೇಲೆ ಹೊರಿಸುವ ಶ್ವೇತಭವನದ ವಿವರಣೆ ತಮಗೆ ತಿಳಿದಿರುವ ಸಂಗತಿಗಳಿಗೆ ಹೊಂದುವುದಿಲ್ಲವೆಂದು ಕೀಟಿಂಗ್ ರಹಸ್ಯ ಸಂದೇಶ ಕಳುಹಿಸಿದರು. ಅದು ಕೂಡ ಸೋರಿ ಪತ್ರಿಕೆ ಸೇರಿತು. ಫಿಲಿಪ್ಸ್ ಅವರ ಕಥೆಯನ್ನು ಇಲ್ಲಿ ನೆನೆಯದೆ ಇರಲಾಗದು.

1973ರಲ್ಲಿ ಬಂದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಅವರು ಹದಗೆಟ್ಟ ಸಂಬಂಧದಲ್ಲಿ ಮಾಡಬಹುದಾದ ಒಂದೇ ಕೆಲಸವನ್ನು ಆರಿಸಿಕೊಂಡು ಮುಗಿಸಿದರು. ಪಿಎಲ್-480 ಗೋಧಿಗೆ ಭಾರತ ರೂಪಾಯಿಗಳಲ್ಲಿ ಹಣ ಕೊಡುತ್ತಿತ್ತು. ಆ ಹಣ ಅಮೆರಿಕದ ಖಾತೆಯಲ್ಲಿ ರಾಶಿ ಬಿದ್ದು, ಇಲ್ಲಿನ ಹಣಕಾಸಿಗೆ ತೂಗುಕತ್ತಿಯಾಗಿತ್ತು. ಮೊಯ್ನಿಹಾನ್ ತಮ್ಮ ಸಂಸತ್ತನ್ನೂ ಖಜಾನೆಯನ್ನೂ ಒಪ್ಪಿಸಿ, 1974ರ ಫೆಬ್ರವರಿಯಲ್ಲಿ 1,664 ಕೋಟಿ ರೂಪಾಯಿಯ ಚೆಕ್ಕನ್ನು ಭಾರತ ಸರ್ಕಾರಕ್ಕೆ ಕೊಟ್ಟರು. ಅಲ್ಲಿಯವರೆಗೆ ಬರೆದ ಅತಿದೊಡ್ಡ ಚೆಕ್ ಎಂದು ಅದು ಗಿನ್ನೆಸ್ ದಾಖಲೆ ಸೇರಿತು. ಮೂರೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಅಣುಪರೀಕ್ಷೆ ನಡೆದು, ಆ ಸದ್ಭಾವವೂ ಕರಗಿತು.

ಮುಂದಿನ ಎರಡು ದಶಕಗಳನ್ನು ನಾನು ಬೇಗ ದಾಟುತ್ತೇನೆ. ಕೊಂಕಣ ತೀರದ ವೆಂಗುರ್ಲೆಯಲ್ಲಿ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ರಾಬರ್ಟ್ ಗೊಹೀನ್ ಅವರು 1977ರಲ್ಲಿ ರಾಯಭಾರಿಯಾಗಿ ಹುಟ್ಟಿದ ದೇಶಕ್ಕೆ ಮರಳಿದರು. ಅದೇ ವರ್ಷ ವಾಷಿಂಗ್ಟನ್‌ಗೆ ಹೋದವರು ನ್ಯಾಯವಾದಿ ನಾನಿ ಪಾಲ್ಖಿವಾಲಾ. ಇಬ್ಬರಂಥ ಸಜ್ಜನರಿದ್ದರೂ ತಾರಾಪುರದ ಅಣು ವಿದ್ಯುತ್ ಸ್ಥಾವರಕ್ಕೆ ಅಮೆರಿಕ ಕೊಡಬೇಕಿದ್ದ ಇಂಧನದ ಜಗಳ ಬಗೆಹರಿಯಲಿಲ್ಲ.

1995ರ ಡಿಸೆಂಬರ್‌ನಲ್ಲಿ ರಾಯಭಾರಿ ಫ್ರಾಂಕ್ ವಿಸ್ನರ್ ಅವರು ಪ್ರಧಾನಿಯವರ ಪ್ರಧಾನ ಕಾರ್ಯದರ್ಶಿಯನ್ನು ಕಂಡು, ಪೋಖ್ರಾನ್‌ನಲ್ಲಿ ಸಿದ್ಧತೆ ನಡೆದಿರುವುದು ಉಪಗ್ರಹ ಚಿತ್ರಗಳಲ್ಲಿ ಕಾಣುತ್ತಿದೆ ಎಂದು ಎಚ್ಚರಿಸಿದರು. ನರಸಿಂಹರಾವ್ ಸರ್ಕಾರ ಪರೀಕ್ಷೆಯನ್ನು ಮುಂದೂಡಿತು. ವಿಸ್ನರ್ ಗೆದ್ದಂತೆ ಕಂಡರು. ಆದರೆ ಆಕಾಶದಿಂದ ಏನೇನು ಕಾಣುತ್ತದೆ ಎಂಬ ಪಾಠವೂ ಭಾರತೀಯರಿಗೆ ಆದಂತಾಯಿತು. 1998ರ ಮೇ 11ರಂದು ಪರೀಕ್ಷೆ ನಡೆದಾಗ ರಾಯಭಾರಿ ರಿಚರ್ಡ್ ಸೆಲೆಸ್ಟೆ ಅವರಿಗಾಗಲಿ ಅವರ ಸರ್ಕಾರಕ್ಕಾಗಲಿ ಸುಳಿವೇ ಸಿಕ್ಕಿರಲಿಲ್ಲ. ವಾಷಿಂಗ್ಟನ್‌ನಲ್ಲಿದ್ದ ನರೇಶ್ ಚಂದ್ರ ಅವರ ಕಷ್ಟ ಇನ್ನೂ ದೊಡ್ಡದು. ಪರೀಕ್ಷೆಗೆ ಚೀನಾವೇ ಕಾರಣವೆಂಬ ಧಾಟಿಯಲ್ಲಿ ವಾಜಪೇಯಿ ಅವರು ಕ್ಲಿಂಟನ್‌ಗೆ ಬರೆದ ಪತ್ರ ಎರಡೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅಚ್ಚಾಯಿತು. ಸಿಟ್ಟಾದ ಸಂಸದರನ್ನು ಒಬ್ಬೊಬ್ಬರಾಗಿ ಕಂಡು ಮಾತನಾಡುವ ಕೆಲಸ ಅವರ ಪಾಲಿಗೆ ಬಂತು. ಎರಡು ವರ್ಷಗಳೊಳಗೆ ಕ್ಲಿಂಟನ್ ಭಾರತದ ಸಂಸತ್ತಿನಲ್ಲಿ ಮಾತನಾಡಿದರು.

ಇದಕ್ಕಿಂತ ಭಿನ್ನವಾದದ್ದು, ಮುಂದೆ ವಾಷಿಂಗ್ಟನ್‌ನಲ್ಲಿ ಭಾರತದ ರಾಯಭಾರಿಯಾಗಿದ್ದ ರೋನೆನ್ ಸೇನ್ ಅವರ ಅನುಭವ. 2005ರ ಜುಲೈನಿಂದ ನಡೆದ ನಾಗರಿಕ ಅಣು ಒಪ್ಪಂದದ ಮಾತುಕತೆಯಲ್ಲಿ ಅವರು ಅಮೆರಿಕದ ಸಂಸತ್ತನ್ನು ಒಲಿಸಿಕೊಂಡರು; ಎಡವಿದ್ದು ದೆಹಲಿಯಲ್ಲಿ. ಒಪ್ಪಂದದ ವಿರೋಧಿಗಳು ತಲೆಯಿಲ್ಲದ ಕೋಳಿಗಳಂತೆ ಓಡಾಡುತ್ತಿದ್ದಾರೆ ಎಂಬ ಅವರ ಮಾತು 2007ರ ಆಗಸ್ಟ್‌ನಲ್ಲಿ ಪ್ರಕಟವಾಗಿ, ನಮ್ಮ ಸಂಸತ್ತಿನಲ್ಲಿ ಹಕ್ಕುಚ್ಯುತಿಯ ಪ್ರಶ್ನೆ ಎದ್ದು, ಅವರು ಕ್ಷಮೆ ಕೋರಬೇಕಾಯಿತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2008ರ ಅಕ್ಟೋಬರ್‌ನಲ್ಲಿ.

2011ರಿಂದ 2013ರವರೆಗೆ ವಾಷಿಂಗ್ಟನ್‌ನಲ್ಲಿದ್ದ ನಿರುಪಮಾ ರಾವ್ ಅವರು ನಮ್ಮ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದವರು. ಅವರ ನಂತರದ ಎಸ್. ಜೈಶಂಕರ್ ಅಲ್ಲಿಗೆ ತಲುಪಿದ್ದು 2013ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ ಭಾರತೀಯ ರಾಜತಾಂತ್ರಿಕ ಅಧಿಕಾರಿಯೊಬ್ಬರ ಬಂಧನವಾಗಿ, ಅದಕ್ಕೆ ಪ್ರತಿಯಾಗಿ ಚಾಣಕ್ಯಪುರಿಯ ಅಮೆರಿಕ ರಾಯಭಾರ ಕಚೇರಿಯ ಮುಂದಿನ ತಡೆಗೋಡೆಗಳನ್ನು ಕಿತ್ತುಹಾಕಿದ್ದ ಹೊತ್ತಿನಲ್ಲಿ. ದೆಹಲಿಯ ಅಮೆರಿಕ ರಾಯಭಾರಿ, ಆ ಹುದ್ದೆಯ ಮೊದಲ ಮಹಿಳೆ ನ್ಯಾನ್ಸಿ ಪೊವೆಲ್ ಅವರು 2014ರ ಮಾರ್ಚ್‌ನಲ್ಲಿ ರಾಜೀನಾಮೆ ಪ್ರಕಟಿಸಿದರು.

ಆಮೇಲೆ ಒಂದು ಕಾಲ ರಾಯಭಾರಿಯೇ ಇಲ್ಲದ ಸ್ಥಿತಿ ಬಂತು. 2021ರ ಜನವರಿಯಲ್ಲಿ ದೆಹಲಿಯ ಅಮೆರಿಕ ರಾಯಭಾರಿ ಕೆನೆತ್ ಜಸ್ಟರ್ ಹೊರಟರು. ಎರಿಕ್ ಗಾರ್ಸೆಟ್ಟಿ ಅವರ ಹೆಸರಿಗೆ ಸೆನೆಟ್ ಒಪ್ಪಿಗೆ ಕೊಟ್ಟದ್ದು 2023ರ ಮಾರ್ಚ್‌ನಲ್ಲಿ. ಎರಡು ವರ್ಷಕ್ಕೂ ಮೀರಿದ ಈ ಖಾಲಿತನಕ್ಕೆ ಭಾರತ ಕಾರಣವಾಗಿರಲಿಲ್ಲ, ಅಮೆರಿಕದ ಒಳಜಗಳವೇ ಕಾರಣ. ಹಂಗಾಮಿ ಅಧಿಕಾರಿಗಳ ಕೈಯಲ್ಲಿ ಕಚೇರಿ ನಡೆಯಿತು, ವೀಸಾ ಸಂದರ್ಶನಕ್ಕೆ ಕಾಯುವ ಸಾಲು ಬೆಳೆಯಿತು. ಆ ಸಾಲಿನಲ್ಲಿ ಬೆಂಗಳೂರಿಗರು ಎಷ್ಟೋ ಮಂದಿ. ಒಂದು ಮುದ್ರೆಗಾಗಿ ಚೆನ್ನೈಗೋ ಹೈದರಾಬಾದಿಗೋ ರಾತ್ರಿ ಬಸ್ಸು ಹತ್ತುವುದು ಅವರಿಗೆ ರೂಢಿ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ವೇದಿಕೆಯ ಮೇಲೆ ಗಾರ್ಸೆಟ್ಟಿ ಇದ್ದರು, ವಿದೇಶಾಂಗ ಸಚಿವರಾಗಿದ್ದ ಜೈಶಂಕರ್ ಇದ್ದರು. ಕೆಲವೇ ದಿನಗಳಲ್ಲಿ ಅಮೆರಿಕದಲ್ಲಿ ಸರ್ಕಾರ ಬದಲಾಗಿ ಗಾರ್ಸೆಟ್ಟಿ ಅವರ ಅವಧಿ ಮುಗಿಯಿತು. ಬೆಂಗಳೂರಿನ ಕಚೇರಿಗೆ ನಾಮಫಲಕ ಬಂದಿತ್ತು, ವೀಸಾ ಕೊಡುವ ಕೆಲಸ ಇನ್ನೂ ಆರಂಭವಾಗಿರಲಿಲ್ಲ.